ಒಮ್ಮೆ ಒಪ್ಪಿದ್ದು ಎಂದೆಂದಿಗೂ ಒಪ್ಪಿದ್ದೇ?



ಚಿತ್ರಮಂದಿರದ ಪರದೆಯ ಮೇಲೆ ಕೆಲವು ವಾರ ಓಡಿ ಮರೆಯಾಗುತ್ತಿದ್ದ ಚಲನಚಿತ್ರವು ಈಗ ನಮ್ಮ ಮನೆಯ ಪಡಸಾಲೆಯಲ್ಲಿ ಕಾಯಂ ನಿವಾಸಿಯಾಗಿದೆ. 1975-76ರಲ್ಲಿ ಜಪಾನಿನಿಂದ ಬೀಟಾಮ್ಯಾಕ್ಸ್ ಮತ್ತು ವಿ.ಎಚ್.ಎಸ್. ಕ್ಯಾಸೆಟ್ಟುಗಳು ಬಂದವು. 1996ರಲ್ಲಿ ಡಿ.ವಿ.ಡಿ. ಬಂದಿತು, 2006ರಲ್ಲಿ ಬ್ಲೂ-ರೇ ಬಂದಿತು. ಸಾಧನ ಬದಲಾದಂತೆಲ್ಲ ಹಳೆಯ ಚಿತ್ರಗಳೇ ಹೊಸ ಹೊದಿಕೆ ತೊಟ್ಟು, ಹಿಂದೆಂದೂ ಕಾಣದ ಸ್ಪಷ್ಟತೆಯೆಂಬ ಜಾಹೀರಾತನ್ನು ಹೊತ್ತು ಮತ್ತೆ ಮಾರುಕಟ್ಟೆಗೆ ಇಳಿಯುತ್ತವೆ. ಅವುಗಳೊಳಗಿನ ನಗ್ನ ದೃಶ್ಯಗಳೂ ಅದೇ ಸ್ಪಷ್ಟತೆಯೊಡನೆ ಇಳಿಯುತ್ತವೆ.

ಈ ಮಾತನ್ನು ಎತ್ತಿದೊಡನೆ ಇಬ್ಬರು ಎದ್ದು ನಿಲ್ಲುತ್ತಾರೆ. ಒಬ್ಬರು, "ಇದೆಲ್ಲ ಅಶ್ಲೀಲ, ನಿಷೇಧಿಸಿ" ಎನ್ನುತ್ತಾರೆ. ಮತ್ತೊಬ್ಬರು, "ಇದೆಲ್ಲ ಕಲೆ, ನಿಮಗೆ ತಿಳಿಯದು, ಸುಮ್ಮನಿರಿ" ಎನ್ನುತ್ತಾರೆ. ಈ ಇಬ್ಬರ ವಾದವೂ ಬಹುಕಾಲದಿಂದ ನಡೆದುಬಂದಿದೆ. ಆದರೆ ಇಬ್ಬರೂ ಒಬ್ಬ ವ್ಯಕ್ತಿಯನ್ನು ಮರೆತೇ ವಾದಿಸುತ್ತಾರೆ. ಕ್ಯಾಮೆರಾದ ಮುಂದೆ ಬಟ್ಟೆ ಕಳಚಿ ನಿಂತವರು ಯಾರೋ ಅವರೇ ಆ ವ್ಯಕ್ತಿ. ನೋಡುವವನ ಶೀಲವು ಕೆಟ್ಟೀತೆಂಬ ಚಿಂತೆ ನಮಗೆ ಬೇಕಾದಷ್ಟಿದೆ. ನೋಡಲ್ಪಟ್ಟವರ ಮಾನದ ಚಿಂತೆ ಯಾರಿಗಿದೆ?

ಒಂದು ನಿಜವಾದ ಪ್ರಸಂಗವನ್ನು ಮುಂದಿಡುತ್ತೇನೆ. ಇಟಲಿಯ ನಿರ್ದೇಶಕ ಫ್ರಾಂಕೊ ಜೆಫಿರೆಲ್ಲಿ ಶೇಕ್ಸ್‌ಪಿಯರನ ರೋಮಿಯೊ ಮತ್ತು ಜೂಲಿಯೆಟ್ ನಾಟಕವನ್ನು ಚಲನಚಿತ್ರವನ್ನಾಗಿ ಮಾಡಿ 1968ರಲ್ಲಿ ಬಿಡುಗಡೆಗೊಳಿಸಿದರು. ಛಾಯಾಗ್ರಹಣಕ್ಕೂ ವಸ್ತ್ರವಿನ್ಯಾಸಕ್ಕೂ ಆಸ್ಕರ್ ಪ್ರಶಸ್ತಿ ಪಡೆದ ಚಿತ್ರವದು. ಪಾಶ್ಚಾತ್ಯ ದೇಶಗಳಲ್ಲಿ ಎಷ್ಟೋ ಶಾಲೆಗಳು ಅದನ್ನು ಮಕ್ಕಳಿಗೆ ಪಾಠದ ಅಂಗವಾಗಿಯೇ ತೋರಿಸಿವೆ. ಜೂಲಿಯೆಟ್ಟಳ ಪಾತ್ರ ವಹಿಸಿದ ಒಲಿವಿಯಾ ಹಸ್ಸಿ, ರೋಮಿಯೋನ ಪಾತ್ರ ವಹಿಸಿದ ಲಿಯೊನಾರ್ಡ್ ವೈಟಿಂಗ್, ಇಬ್ಬರಿಗೂ ಚಿತ್ರೀಕರಣದ ಕಾಲಕ್ಕೆ ಹದಿನೆಂಟು ತುಂಬಿರಲಿಲ್ಲ. ಶಯ್ಯಾಗೃಹದ ದೃಶ್ಯವೊಂದರಲ್ಲಿ ಇಬ್ಬರ ನಗ್ನ ದೇಹವೂ ಕೆಲವೇ ಕ್ಷಣ ಕಾಣುತ್ತದೆ.

ಐವತ್ತೈದು ವರ್ಷಗಳ ತರುವಾಯ, 2022ರ ಡಿಸೆಂಬರ್ 30ರಂದು, ಎಪ್ಪತ್ತು ದಾಟಿದ ಆ ಇಬ್ಬರೂ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪ್ಯಾರಾಮೌಂಟ್ ಸಂಸ್ಥೆಯ ಮೇಲೆ ದಾವೆ ಹೂಡಿದರು. ಬಾಲ್ಯದಲ್ಲಿ ನಡೆದ ಲೈಂಗಿಕ ಶೋಷಣೆಯ ಹಳೆಯ ದೂರುಗಳಿಗೆ ಆ ರಾಜ್ಯವು ಕಾಲಮಿತಿಯನ್ನು ತಾತ್ಕಾಲಿಕವಾಗಿ ಸಡಿಲಿಸಿತ್ತು. ಆ ಗಡುವು ಮುಗಿಯಲು ಒಂದು ದಿನ ಉಳಿದಿತ್ತು. ಮೈಬಣ್ಣದ ಒಳಉಡುಪು ತೊಡಿಸುವುದಾಗಿ ಮೊದಲು ನಂಬಿಸಿ, ಚಿತ್ರೀಕರಣದ ಕಡೆಯ ದಿನಗಳಲ್ಲಿ ಪೂರ್ಣ ನಗ್ನರಾಗಲೇಬೇಕೆಂದರು, ನಗ್ನತೆಯು ಪರದೆಯ ಮೇಲೆ ಕಾಣದೆಂದು ಭರವಸೆ ಕೊಟ್ಟರು ಎಂಬುದು ಅವರ ದೂರಾಗಿತ್ತು. ನಿರ್ದೇಶಕರು 2019ರಲ್ಲಿಯೇ ತೀರಿಕೊಂಡಿದ್ದರಿಂದ ಅವರ ಕಡೆಯ ಮಾತು ನ್ಯಾಯಾಲಯದಲ್ಲಿ ಕೇಳಿಬರಲಿಲ್ಲ. 2023ರ ಮೇ ತಿಂಗಳಲ್ಲಿ ನ್ಯಾಯಾಲಯವು ದಾವೆಯನ್ನು ವಜಾ ಮಾಡಿತು. ಆ ದೃಶ್ಯವು ಸಂವಿಧಾನವು ರಕ್ಷಿಸುವ ಅಭಿವ್ಯಕ್ತಿಯೆಂದೂ, ಕಾನೂನು ಹೇಳುವ ಅಶ್ಲೀಲತೆಯ ಮಟ್ಟಕ್ಕೆ ಬರುವುದಿಲ್ಲವೆಂದೂ ತೀರ್ಪಾಯಿತು.

ವಿಚಾರ ಇಷ್ಟಕ್ಕೇ ಮುಗಿಯಲಿಲ್ಲ. ಆ ದಾವೆ ಇನ್ನೂ ನಡೆಯುತ್ತಿರುವಾಗಲೇ, 2023ರ ಫೆಬ್ರವರಿಯಲ್ಲಿ, ಹಳೆಯ ಚಿತ್ರಗಳನ್ನು ಅಂದವಾಗಿ ಮರುಮುದ್ರಿಸಿ ಮಾರುವುದರಲ್ಲಿ ಹೆಸರಾದ ಕ್ರೈಟೀರಿಯನ್ ಸಂಸ್ಥೆಯು ಇದೇ ಚಿತ್ರವನ್ನು ಡಿಜಿಟಲ್ ವಿಧಾನದಿಂದ ಪುನರುದ್ಧರಿಸಿದ ಬ್ಲೂ-ರೇ ಡಿಸ್ಕನ್ನು ಹೊರತಂದಿತು. ಹೊಸ ಮುದ್ರಣಕ್ಕೆ ನಮ್ಮ ಒಪ್ಪಿಗೆ ಪಡೆಯಲಿಲ್ಲ ಎಂದು ಆ ಇಬ್ಬರೂ 2024ರಲ್ಲಿ ಎರಡನೆಯ ದಾವೆ ಹೂಡಿದರು. ಅದೂ ಅದೇ ವರ್ಷ ತಿರಸ್ಕೃತವಾಯಿತು. ಆ ವರ್ಷದ ಡಿಸೆಂಬರ್ 27ರಂದು ಒಲಿವಿಯಾ ಹಸ್ಸಿ ತಮ್ಮ 73ನೆಯ ವಯಸ್ಸಿನಲ್ಲಿ ತೀರಿಕೊಂಡರು. ಡಿಸ್ಕು ಮಾತ್ರ ಉಳಿಯಿತು.

ನ್ಯಾಯಾಲಯವು ಕಾನೂನಿನ ಪ್ರಕಾರ ತೀರ್ಪು ಕೊಟ್ಟಿತು. ಅದರೊಡನೆ ನನ್ನ ಜಗಳವಿಲ್ಲ. ಆದರೆ ಕಾನೂನು ಶಿಕ್ಷಿಸದುದೆಲ್ಲವೂ ನ್ಯಾಯವೆಂದು ನಮಗೆ ಯಾರು ಕಲಿಸಿದರು? ಎಪ್ಪತ್ತು ದಾಟಿದ ಹೆಂಗಸೊಬ್ಬಳು, "ಬಾಲ್ಯದಲ್ಲಿ ತೆಗೆದ ನನ್ನ ನಗ್ನ ಚಿತ್ರವನ್ನು ಮತ್ತೆ ಮಾರಬೇಡಿ" ಎಂದು ಕೈಮುಗಿದು ಕೇಳಿದರೆ, "ಮಾರುವುದಕ್ಕೆ ನಮಗೆ ಹಕ್ಕಿದೆ" ಎಂದು ಕಾಗದ ತೋರಿಸುವುದು ವ್ಯಾಪಾರಿಗೆ ಭೂಷಣವಾದೀತು; ಮನುಷ್ಯನಿಗೆ ಆದೀತೇ?

ಇದಕ್ಕೆ ಬರುವ ಆಕ್ಷೇಪಣೆಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು: ಅದೇ ನಟಿ 2018ರಲ್ಲಿ ಆ ದೃಶ್ಯವನ್ನು ಸಮರ್ಥಿಸಿಕೊಂಡಿರಲಿಲ್ಲವೇ? ಹೌದು, ಕತೆಗೆ ಅದು ಬೇಕಾಗಿತ್ತೆಂದು ಆಗ ಪತ್ರಿಕೆಗಳಿಗೆ ಹೇಳಿದ್ದರು. ಇದನ್ನು ಮುಚ್ಚಿಟ್ಟು ವಾದಿಸುವುದು ಸರಿಯಲ್ಲ. ಆದರೆ ಮನುಷ್ಯನು ತನ್ನ ಬಾಲ್ಯದಲ್ಲಿ ನಡೆದದ್ದನ್ನು ಅರಿತುಕೊಳ್ಳುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆಂಬುದು ನಮಗೆ ತಿಳಿಯದೇ? ಬಿದ್ದ ಪೆಟ್ಟನ್ನು ಪ್ರೀತಿಯೆಂದೇ ನಂಬಿಕೊಂಡು ಬೆಳೆದು, ತಾವು ಮಕ್ಕಳನ್ನು ಪಡೆದ ಮೇಲೆ ಬೆಚ್ಚಿಬಿದ್ದವರು ನಮ್ಮ ನಡುವೆ ಇಲ್ಲವೇ? ಮನಸ್ಸು ಬದಲಾದದ್ದೇ ಸುಳ್ಳಿನ ಗುರುತೆಂದರೆ ಪಶ್ಚಾತ್ತಾಪಕ್ಕೂ ಜ್ಞಾನೋದಯಕ್ಕೂ ಲೋಕದಲ್ಲಿ ಸ್ಥಳವೇ ಇರದು. ಅದೂ ಹೋಗಲಿ. ಹದಿನೆಂಟು ತುಂಬದ ಹುಡುಗಿ ಒಪ್ಪಿದಳೆಂದೇ ಇಟ್ಟುಕೊಳ್ಳೋಣ. ಒಂದು ಎಕರೆ ಹೊಲವನ್ನು ಬರೆದುಕೊಡಲು ಅಪ್ರಾಪ್ತ ವಯಸ್ಕರ ಸಹಿ ಸಾಲದೆಂದು ಹೇಳುವ ಲೋಕವು, ತನ್ನ ದೇಹವನ್ನೇ ಆಚಂದ್ರಾರ್ಕವಾಗಿ ಬರೆದುಕೊಡಲು ಅದೇ ಸಹಿ ಸಾಕೆನ್ನುವುದು ಯಾವ ಧರ್ಮ?

ಎರಡನೆಯದು: ಹಳೆಯದನ್ನೇ ಮತ್ತೆ ತೋರಿಸಿದರೆ ಹೊಸ ಅನ್ಯಾಯವೇನು? ಇಲ್ಲಿಯೇ ಮನೆಯೊಳಗಿನ ಚಲನಚಿತ್ರದ ಸ್ವರೂಪವನ್ನು ತಿಳಿಯಬೇಕು. ಚಿತ್ರಮಂದಿರದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಕಣ್ಣ ಮುಂದೆ ಹಾದುಹೋಗುತ್ತಿದ್ದವು. ನೋಡುವವನು ಅವುಗಳನ್ನು ತಡೆಹಿಡಿಯಲಾರದವನಾಗಿದ್ದ. ಮನೆಯಲ್ಲಿ ರಿಮೋಟು ಅವನ ಕೈಯಲ್ಲಿದೆ. ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು, ದೊಡ್ಡದು ಮಾಡಬಹುದು, ಒಂದೇ ಚಿತ್ರವನ್ನು ಕತ್ತರಿಸಿ ಫೋನಿನಲ್ಲಿ ಸಾವಿರ ಜನಕ್ಕೆ ಹಂಚಬಹುದು. ಪುನರುದ್ಧಾರವೆಂದರೆ ಒಂದೊಂದು ಚಿತ್ರವನ್ನೂ ಯಂತ್ರದಿಂದ ಓದಿ, ಧೂಳು ಗೀರುಗಳನ್ನು ತೊಡೆದು, ಮಸುಕಾದುದನ್ನು ಸ್ಪಷ್ಟಗೊಳಿಸುವ ಕೆಲಸ. ಕತೆಯ ಪ್ರವಾಹದಲ್ಲಿ ಒಂದು ಕ್ಷಣ ಮಿಂಚಿ ಮರೆಯಾಗಲೆಂದು ತೆಗೆದುದು ಕತೆಯಿಂದಲೇ ಕಿತ್ತು ಬೇರೆಯಾಗಿ ಮಾರಾಟವಾಗುವ ಸರಕಾಗುತ್ತದೆ. 1967ರಲ್ಲಿ ಬಟ್ಟೆ ಕಳಚಿದ ಹುಡುಗಿ ಈ ಪೈಕಿ ಯಾವುದನ್ನು ಊಹಿಸಬಹುದಾಗಿತ್ತು? ಊಹಿಸಲಾಗದುದಕ್ಕೆ ಒಪ್ಪಿಗೆ ಕೊಡುವುದೆಂತು?

ಪ್ರತಿಯೊಂದು ಮರುಪ್ರಕಟಣೆಯೂ ಹೊಸ ಗಾಯವಾಗಬಹುದೆಂಬ ಮಾತು ನನ್ನ ಕಲ್ಪನೆಯಲ್ಲ. ನಿರ್ವಾಣ ಎಂಬ ಸಂಗೀತ ತಂಡವು 1991ರಲ್ಲಿ ಹೊರತಂದ ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಬೆತ್ತಲೆ ಹಸುಗೂಸಿನ ಚಿತ್ರವಿತ್ತು. ಆ ಕೂಸು ಬೆಳೆದು ದಾವೆ ಹೂಡಿದಾಗ, ಕಾಲಮಿತಿ ಮೀರಿತೆಂದು ಅದನ್ನು ತಳ್ಳಿಹಾಕುವಂತಿಲ್ಲ, ಪ್ರತಿ ಮರುಪ್ರಕಟಣೆಯೂ ಹೊಸ ಹಾನಿಯಾಗಬಹುದು ಎಂದು 2023ರ ಡಿಸೆಂಬರಿನಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಹೇಳಿತು. ಆ ಚಿತ್ರವು ಅಶ್ಲೀಲವಲ್ಲವೆಂದು ಮುಂದೆ ಕೆಳ ನ್ಯಾಯಾಲಯವು ದಾವೆಯನ್ನು ಕೈಬಿಟ್ಟಿತೆಂಬುದೂ ನಿಜವೇ. ಆದರೆ ಗಾಯಕ್ಕೆ ವಯಸ್ಸಾದ ಮಾತ್ರಕ್ಕೆ ಅದನ್ನು ಮತ್ತೆ ಕೆದಕುವ ಹಕ್ಕು ಯಾರಿಗೂ ಹುಟ್ಟುವುದಿಲ್ಲವೆಂಬ ತತ್ತ್ವವು ಆ ಮಾತಿನಲ್ಲಿ ಬೆಳಗಿತು.

ಮೂರನೆಯ ಆಕ್ಷೇಪಣೆ: ಇದು ಕಲೆ, ಕಲೆಗೆ ಕತ್ತರಿ ಹಾಕಬೇಡಿ. ಕಲೆಯೆಂಬ ಹೆಸರಿನಲ್ಲಿ ಏನೆಲ್ಲ ನಡೆದಿದೆಯೆಂಬುದಕ್ಕೆ ಬರ್ತೊಲುಚ್ಚಿಯವರ 1972ರ ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್ ಸಾಕ್ಷಿ. ಅದರಲ್ಲಿ ನಟಿಸಿದಾಗ ಮಾರಿಯಾ ಶ್ನೈಡರ್ ಅವರಿಗೆ 19 ವರ್ಷ. ಬಲಾತ್ಕಾರದ ದೃಶ್ಯವೊಂದರ ವಿವರಗಳನ್ನು ನಿರ್ದೇಶಕರೂ ನಾಯಕನಟರೂ ತಮ್ಮತಮ್ಮಲ್ಲೇ ಮಾತಾಡಿಕೊಂಡು ಆಕೆಗೆ ಮೊದಲೇ ತಿಳಿಸಲಿಲ್ಲ. ಆಕೆಯ ನಟನೆ ಬೇಕಿರಲಿಲ್ಲ, ನಿಜವಾದ ಅವಮಾನವೇ ಬೇಕಿತ್ತು ಎಂಬರ್ಥದ ಮಾತನ್ನು ನಿರ್ದೇಶಕರೇ 2013ರಲ್ಲಿ ಹೇಳಿದರು. ಅಂದು ಸುರಿಸಿದ ಕಣ್ಣೀರು ನಿಜವಾದದ್ದೆಂದು ಆಕೆ 2007ರಲ್ಲಿ ಹೇಳಿದ್ದರು, 2011ರಲ್ಲಿ ತೀರಿಕೊಂಡರು. ಬದುಕಿರುವಾಗ ಆಕೆಯ ಮಾತಿಗೆ ಕಿವಿಗೊಟ್ಟವರು ವಿರಳ. 2024ರ ಡಿಸೆಂಬರಿನಲ್ಲಿ ಪ್ಯಾರಿಸಿನ ಸಿನೆಮಾಟೆಕ್ ಸಂಸ್ಥೆಯು ಅದೇ ಚಿತ್ರವನ್ನು ತೋರಿಸಹೊರಟಾಗ ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು, ಪ್ರದರ್ಶನ ರದ್ದಾಯಿತು. ಸಭಾಂಗಣವಾದರೆ ಅದರ ಬಾಗಿಲಲ್ಲಿ ನಿಂತು ಕೇಳಬಹುದು. ಮನೆಮನೆಯ ಕಪಾಟಿನಲ್ಲಿರುವ ಡಿಸ್ಕಿನ ಮುಂದೆ ಯಾರು ನಿಂತು ಕೇಳಬೇಕು?

ಇಷ್ಟನ್ನು ಓದುವ ಹೊತ್ತಿಗೆ ನಮ್ಮ ಓದುಗರಲ್ಲಿ ಅನೇಕರಿಗೆ ಅಕ್ಕಮಹಾದೇವಿಯ ನೆನಪು ಬಂದಿರಲೇಬೇಕು. ಅರಸನ ಅರಮನೆಯನ್ನೂ ಉಟ್ಟ ಉಡುಗೆಯನ್ನೂ ತೊರೆದು, ಕೇಶವನ್ನೇ ಹೊದ್ದು ಕಲ್ಯಾಣಕ್ಕೆ ನಡೆದ ಅಕ್ಕನನ್ನು ತಾಯಿಯೆಂದು ನಮಿಸುವ ನಾವು, ನಗ್ನತೆ ಎಂದೊಡನೆ ಪಾಪವೆಂದು ಕೂಗುವಂತಿಲ್ಲ. ಆದರೆ ಅಕ್ಕನ ಬಟ್ಟೆಯನ್ನು ಯಾರೂ ಕಳಚಿಸಲಿಲ್ಲ. ಆಕೆಯೇ ತೊರೆದಳು. ಅಲ್ಲಮಪ್ರಭುದೇವರು ಅನುಭವ ಮಂಟಪದಲ್ಲಿ ಅದನ್ನು ಕುರಿತೇ ಪ್ರಶ್ನಿಸಿದಾಗ ತನ್ನ ದೇಹಕ್ಕೆ ತಾನೇ ಉತ್ತರ ಕೊಟ್ಟಳು. ಆ ದೇಹವನ್ನು ಬಯಸಿದ ಅರಸನಿಗೆ ಅದರ ಮೇಲೆ ಅಧಿಕಾರ ಸಿಗಲಿಲ್ಲ. ವ್ಯತ್ಯಾಸವಿರುವುದು ಇಲ್ಲಿಯೇ. ಬಟ್ಟೆ ಇದೆಯೋ ಇಲ್ಲವೋ ಎಂಬುದಕ್ಕಿಂತ, ಆ ಮಾತನ್ನು ನಿರ್ಧರಿಸಿದವರು ಯಾರೆಂಬುದು ದೊಡ್ಡದು.

ಹಾಗಾದರೆ ಮಾಡಬೇಕಾದುದೇನು? ಚಿತ್ರಗಳನ್ನು ಸುಡಬೇಕೆಂದು ನಾನು ಹೇಳುವುದಿಲ್ಲ. ಸರ್ಕಾರದ ಕತ್ತರಿಯನ್ನೂ ಕರೆಯುವುದಿಲ್ಲ. ಆ ಕತ್ತರಿ ಒಮ್ಮೆ ಹರಿತವಾದರೆ ಎಲ್ಲಿ ನಿಂತೀತೆಂದು ಹೇಳಲಾಗದು. ಮೂಲ ಪ್ರತಿಯನ್ನು ಭಂಡಾರದಲ್ಲಿ ಜೋಪಾನ ಮಾಡಲಿ, ವಿದ್ವಾಂಸರು ನೋಡಲಿ. ಸಂರಕ್ಷಣೆ ಬೇರೆ, ಮಾರಾಟ ಬೇರೆ. ಮಾರಲು ಹೊರಟಾಗ ಮಾತ್ರ, ಅಪ್ರಾಪ್ತ ವಯಸ್ಸಿನಲ್ಲಿ ನಗ್ನರಾಗಿ ಚಿತ್ರಿತರಾದವರು ಬದುಕಿದ್ದರೆ ಅವರ ಲಿಖಿತ ಒಪ್ಪಿಗೆಯನ್ನು ಹೊಸದಾಗಿ ಪಡೆಯಲಿ. ಅವರು ಬೇಡವೆಂದರೆ ಆ ಕೆಲವು ಕ್ಷಣಗಳನ್ನು ಬಿಟ್ಟು ಮುದ್ರಿಸಲಿ. ರೋಮಿಯೊ ಜೂಲಿಯೆಟ್ಟರ ಪ್ರೇಮಕತೆಯು ಆ ಕೆಲವು ಕ್ಷಣಗಳಿಲ್ಲದೆ ನಾಲ್ಕು ಶತಮಾನ ರಂಗದ ಮೇಲೆ ಬಾಳಿದೆ. ಮಾರಿಯಾ ಶ್ನೈಡರ್ ಅವರಂತೆ ತೀರಿಹೋದವರ ಮಾತನ್ನು ಆ ಡಿಸ್ಕಿನ ಮೊದಲಿಗೇ ಹೇಳಲಿ. ನೋಡುವವನು ತಿಳಿದು ನೋಡಲಿ.

ಇದು ಅಸಾಧ್ಯವೆನ್ನುವವರು ಅದೇ ಚಿತ್ರೋದ್ಯಮದ ಇಂದಿನ ನಡೆಯನ್ನು ನೋಡಲಿ. ಅಮೆರಿಕದ ನಟನಟಿಯರ ಸಂಘವು ನಗ್ನ ದೃಶ್ಯಕ್ಕೆ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಬೇಕೆಂದು ವಿಧಿಸಿದೆ. ಅಂಥ ದೃಶ್ಯಗಳ ಚಿತ್ರೀಕರಣದ ವೇಳೆ ನಟನಟಿಯರ ಹಿತ ಕಾಯುವುದಕ್ಕೆಂದೇ ಸಮನ್ವಯಕಾರರನ್ನು ನೇಮಿಸುವ ಪದ್ಧತಿಯು 2018ರಿಂದ ಬೆಳೆದಿದೆ. ನಾಳೆ ತೆಗೆಯುವ ಚಿತ್ರದ ನಟಿಗೆ ಸಲ್ಲುವ ಮರ್ಯಾದೆಯು ನಿನ್ನೆ ತೆಗೆದ ಚಿತ್ರದ ನಟಿಗೆ ಏಕೆ ಸಲ್ಲಬಾರದು?

ಕಡೆಯದಾಗಿ ನಮ್ಮ ಮಾತು. ತಯಾರಕನನ್ನು ದೂರುವುದು ಸುಲಭ. ಆದರೆ ಕೊಳ್ಳುವವನಿಲ್ಲದೆ ಮಾರುವವನಿಲ್ಲ. ಮನೆಯೊಳಗೆ ಬೇರೆ ಪ್ರೇಕ್ಷಕರಿಲ್ಲ, ಟಿಕೇಟು ಹರಿಯುವವನಿಲ್ಲ, ನಮ್ಮ ಕೈಯ ರಿಮೋಟಿಗೆ ನಾವೇ ಹೊಣೆ. ಅಂಥ ದೃಶ್ಯವು ಎದುರಾದಾಗ, "ಇದನ್ನು ನಾನು ನೋಡಬಹುದೇ" ಎಂದು ಕೇಳಿಕೊಳ್ಳುವುದು ವಾಡಿಕೆ. ಅದಕ್ಕೆ ಮೊದಲು ಇನ್ನೊಂದನ್ನು ಕೇಳಿಕೊಳ್ಳಿ: "ನಾನು ನೋಡುತ್ತಿರುವುದಕ್ಕೆ ಅಲ್ಲಿರುವವರು ಒಪ್ಪಿದ್ದಾರೆಯೇ?" ಇಲ್ಲವೆಂದು ತಿಳಿದ ಮೇಲೂ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ನೋಡುವ ಕೈಗೂ, ಅಂದು ಆ ಹುಡುಗಿಯನ್ನು ನಂಬಿಸಿ ಬಟ್ಟೆ ಕಳಚಿಸಿದರೆನ್ನಲಾದ ಕೈಗೂ ಎಷ್ಟು ದೂರ? ವಿವೇಚನಾಶೀಲರಾದ ಓದುಗರು ತಮ್ಮ ತಮ್ಮ ಮನೆಯಲ್ಲಿ ಕುಳಿತು ಅಳೆದು ನೋಡಲಿ.