ಗೋವೆಯ ಅದಿರು, ಖಾನಾಪುರದ ಉದ್ರಿ

ಗೋವೆಯ ಗಣಿಗಳು ಮತ್ತೆ ತೆರೆದವೆಂದು ಪೇಟೆಯಲ್ಲಿ ಹರ್ಷದ ಮಾತು ಕೇಳುತ್ತಿದ್ದೇವೆ. ಹರ್ಷ ಸಹಜವಾದುದೇ. ನಮ್ಮ ಕೋಸು, ಬಟಾಟೆ, ಹಸಿಮೆಣಸಿನಕಾಯಿಗಳನ್ನು ಉಣ್ಣುವದು ಗೋವೆ. ಅಲ್ಲಿ ನಾಲ್ಕು ಕಾಸು ಓಡಾಡಿದರೆ ಚೋರ್ಲಾ ಘಾಟಿ ಇಳಿಯುವ ಲಾರಿಗಳು ಹೆಚ್ಚುತ್ತವೆ, ಇಲ್ಲಿಯ ಅಡತಿ ಅಂಗಡಿಗೂ ಜೀವ ಬರುತ್ತದೆ. ಆದರೆ ಹಳೆಯ ಬಾಕಿ ನೋಡದೆ ಹೊಸ ಖಾತೆ ತೆರೆಯುವ ವ್ಯಾಪಾರಿಯನ್ನು ನಾವಿನ್ನೂ ಕಂಡಿಲ್ಲ.

ಪೋರ್ತುಗೀಜರು ಗೋವೆಯ ಬೆಟ್ಟಗಳನ್ನು ಹಂಚಿಕೊಟ್ಟು ಹೋದರು. 1961ರ ಡಿಸೆಂಬರ 19ಕ್ಕೆ ಅವರ ಆಳಿಕೆ ಮುಗಿಯಿತು. ಅವರು ಕೊಟ್ಟ ಹಕ್ಕುಗಳು ಮುಗಿಯಲಿಲ್ಲ. 1987ರ ಕಾಯಿದೆಯು ಅವನ್ನೇ ಗುತ್ತಿಗೆಗಳನ್ನಾಗಿ ಮಾಡಿ ಮುಂದುವರಿಸಿತು. ಡಿಚೋಲಿ, ಸಾಂಗೆ ಕಡೆಯ ಕೆಮ್ಮಣ್ಣು ಲಾರಿಯಲ್ಲಿ ಹೊಳೆಯ ದಂಡೆಗೆ, ಮಾಂಡವಿ-ಜುವಾರಿಗಳಲ್ಲಿ ಬಾರ್ಜು ಏರಿ ಮುರಗಾಂವ ಬಂದರಕ್ಕೆ, ಅಲ್ಲಿಂದ ಮೊದಲು ಜಪಾನಿಗೆ, ಆ ಮೇಲೆ ಚೀನಕ್ಕೆ. 2010-11ರ ಒಂದೇ ವರ್ಷದಲ್ಲಿ ಗೋವೆಯ ಬಂದರುಗಳಿಂದ, ಹೊರಗಿನ ಅದಿರೂ ಸೇರಿ, 5 ಕೋಟಿ ಟನ್ನಿಗೂ ಮಿಕ್ಕಿ ಹಡಗೇರಿತು. ಉದ್ಯಮಬಾಗದ ಫೌಂಡ್ರಿಯವನು ಬೀಡುಕಬ್ಬಿಣಕ್ಕೆ ಕೇಳಿದಷ್ಟು ದರ ತೆತ್ತು ಅಚ್ಚು ತುಂಬುತ್ತಿರುವಾಗ, ಘಾಟಿನ ಕೆಳಗೆ ಕಬ್ಬಿಣವು ಮಣ್ಣಾಗಿಯೇ ದೇಶ ಬಿಡುತ್ತಿತ್ತು.

2012ರಲ್ಲಿ ಶಾಹ ಆಯೋಗದ ವರದಿ ಬಂದು ಗಣಿಗಳು ನಿಂತವು. 2014ರಲ್ಲಿ ಸುಪ್ರೀಮ ಕೋರ್ಟು ವರ್ಷಕ್ಕೆ 2 ಕೋಟಿ ಟನ್ನಿನ ಮಿತಿ ಹಾಕಿ ಬಿಟ್ಟುಕೊಟ್ಟಿತು; 2018ರ ಫೆಬ್ರುವರಿಯಲ್ಲಿ 88 ಗುತ್ತಿಗೆಗಳನ್ನು ರದ್ದುಮಾಡಿತು. ಈ ಆಜ್ಞೆಗಳನ್ನು ನಾವು ತಪ್ಪೆನ್ನುವದಿಲ್ಲ. ಬಾವಿ ಬತ್ತಿದ, ಗದ್ದೆಯಲ್ಲಿ ಗಣಿಯ ಹೂಳು ತುಂಬಿದ ರೈತನನ್ನು ಕೇಳಿದರೆ ಆತ ಇನ್ನೂ ಕಟುವಾಗಿ ಮಾತಾಡಿಯಾನು.

ನಮ್ಮ ತಕರಾರು ಬೇರೆ. ಖಾನಾಪುರದಿಂದ, ವಿಜಾಪುರದಿಂದ, ಗದಗಿನಿಂದ ಲೋಂಡೆಯ ಮೇಲೆ ಹಾಯ್ದು ಇಳಿದ ನಮ್ಮ ಜನ ಅಲ್ಲಿ ಮಣ್ಣು ಹೊತ್ತರು, ಬಂದರದಲ್ಲಿ ಹೇರಿದರು, ಇಮಾರತು ಕಟ್ಟಿದರು. ಕರಾವಳಿಯ ದುಡಿಮೆ ಮಳೆಯನ್ನು ನೋಡಿ ನಡೆಯುವಂಥದು. ಜೂನ, ಜುಲೈಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ಬಂದು, ಗಣಿಯೂ ತಣ್ಣಗೆ. ಆಗ ಕೂಲಿಕಾರ ಊರಿಗೆ ಬಂದು ಭತ್ತ ನಾಟಿ ಮಾಡಿ, ದಸರೆಯ ಹೊತ್ತಿಗೆ ಮತ್ತೆ ಗಂಟು ಕಟ್ಟುತ್ತಾನೆ. ಅಲ್ಲಿ ಅವನ ವಾಸ ತಗಡಿನ ಕೆಳಗೆ. ವಾಸ್ಕೋದ ಬೈನಾ ದಂಡೆಯಲ್ಲಿ ಕನ್ನಡಿಗರ ಮನೆಗಳನ್ನು 2004ರಲ್ಲೂ ಕೆಡವಿದರು, 2017ರಲ್ಲೂ ಕೆಡವಿದರು.

ಗಣಿ ನಿಂತಾಗ ಲಾರಿ ಮಾಲಕರಿಗೆ, ಬಾರ್ಜು ಮಾಲಕರಿಗೆ ಗೋವಾ ಸರಕಾರ ನೆರವು ಕೊಟ್ಟಿತು, ಸಾಲದ ರಿಯಾಯಿತಿಯನ್ನೂ ಕೊಟ್ಟಿತು. ಕೊಡಲಿ, ಸಾಲ ಅವರಿಗೂ ಶೂಲವೇ. 2015ರ ತಿದ್ದುಪಡಿಯಿಂದ ಗಣಿಬಾಧಿತರಿಗೆಂದು ಜಿಲ್ಲಾ ಖನಿಜ ನಿಧಿಯೂ ಹುಟ್ಟಿತು. ಅದರ ಕಣ್ಣಿಗೆ ಬಾಧಿತ ಪ್ರದೇಶವೆಂದರೆ ಗಣಿಯ ಸುತ್ತಲಿನ ಹಳ್ಳಿ. ಬಸ್ಸಿನ ಟಿಕೀಟಿಗೆ ಕಡ ತೆಗೆದುಕೊಂಡು ಖಾನಾಪುರಕ್ಕೆ ಮರಳಿದವನು ಯಾವ ಪ್ರದೇಶದವನು? ಪರಪ್ರಾಂತದ ಕೂಲಿಕಾರನಿಗೆ ಭಾವಚಿತ್ರವುಳ್ಳ ಪಾಸಬುಕ್ಕನ್ನು ಗುತ್ತೇದಾರನು ಕೊಡತಕ್ಕದ್ದೆಂದು 1979ರಲ್ಲೇ ಕಾಯಿದೆಯಾಗಿತ್ತು. ಆ ಪಾಸಬುಕ್ಕನ್ನು ನಮ್ಮ ಓದುಗರಲ್ಲಿ ಎಷ್ಟು ಜನ ಕಣ್ಣಾರೆ ಕಂಡಿದ್ದಾರೆ? ಅವನ ಹೆಸರು ಬರೆದಿದ್ದದ್ದು ಒಂದೇ ಪುಸ್ತಕದಲ್ಲಿ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ. ಗೋವೆಯ ಗಣಿ ನಿಂತ ನಷ್ಟವನ್ನು ಘಾಟಿನ ಮೇಲೆ ಹೊತ್ತವನು ಐದು ಸೇರು ಅಕ್ಕಿ ಕಡ ಕೊಟ್ಟ ಚಿಕ್ಕ ಅಂಗಡಿಕಾರ. ಅವನಿಗೆ ಯಾವ ಯೋಜನೆಯೂ ಇರಲಿಲ್ಲ.

2022ರ ಕೊನೆಯಲ್ಲಿ ಹೊಸ ಹರಾಜು ಆರಂಭವಾಗಿ, 2024ರಲ್ಲಿ ಗಣಿಯ ಕೆಲಸ ಪುನಃ ಶುರುವಾಗಿದೆ. ಗುತ್ತೇದಾರರ ಮುಕದ್ದಮರು ಊರೂರಿಗೆ ಬರುವ ಮೊದಲೇ ಖಾನಾಪುರದಲ್ಲೂ ಲೋಂಡೆಯಲ್ಲೂ ಕಾರ್ಮಿಕ ಇಲಾಖೆಯ ಒಂದು ಮೇಜು, ಒಂದು ವಹಿ ಬೇಕು: ಯಾರು ಹೋದರು, ಯಾರ ಕೈಕೆಳಗೆ, ಎಷ್ಟು ಪಗಾರಕ್ಕೆ. ಆ ವಹಿಯ ನಕಲು ಪಣಜಿಗೂ ಹೋಗಲಿ. ಗಣಿ ನಿಂತ ದಿನ ಖನಿಜ ನಿಧಿಯಿಂದ ಅವನಿಗೂ ಮೂರು ತಿಂಗಳ ಪಗಾರ ಸಲ್ಲಬೇಕೆಂದು ಕರ್ನಾಟಕ ಸರಕಾರ ಗೋವೆಯೊಡನೆ ಕರಾರು ಮಾಡಿಕೊಳ್ಳಲಿ. ಮಹಾದಾಯಿಯ ನೀರಿಗಾಗಿ ಎರಡೂ ಸರಕಾರಗಳು ಇಷ್ಟು ವರ್ಷ ವಕೀಲರನ್ನಿಟ್ಟು ಬಡಿದಾಡಿವೆ. ಈ ಕೂಲಿಕಾರನಿಗಾಗಿ ಒಂದು ದಿನ ಎದುರುಬದುರು ಕೂಡಲಿ.