‘ಕೈ ಮಾಡಿದ’ ಎಂದರೆ ಏನು, ಸ್ವಾಮೀ?

ತಾಲ್ಲೂಕು ಕೋರ್ಟಿನ ಕಟಕಟೆಯಲ್ಲಿ ನಿಂತ ಹೆಂಗಸೊಬ್ಬಳು ‘ಅವ್ನು ಕೈ ಮಾಡ್ದ’ ಎಂದಳು ಎಂದಿಟ್ಟುಕೊಳ್ಳಿ. ಹೊಡೆದನೇ, ಇಲ್ಲ ಕೈ ಬೀಸಿ ಕರೆದನೇ? ಎದುರಿಗೆ ಕೂತ ನ್ಯಾಯಾಧೀಶರಿಗೆ ಅವಳ ದನಿಯಲ್ಲೇ ಗೊತ್ತಾಗುತ್ತದೆ, ಗೊತ್ತಾಗದಿದ್ದರೆ ಕೇಳಬಹುದು. ಅದೇ ಹೇಳಿಕೆ ಮೇಲ್ಮನವಿಯ ಕಡತ ಸೇರಿ ಬೆಂಗಳೂರಿಗೋ ಧಾರವಾಡಕ್ಕೋ ಕಲಬುರಗಿಗೋ ಹೋಗುವಾಗ ಇಂಗ್ಲಿಷ್ ಆಗಬೇಕು. ಅನುವಾದ ಮಾಡುವವರು ಅವಳ ಮುಖ ಕಂಡವರಲ್ಲ. ಒಂದು ಕವಿತೆಯ ಅನುವಾದ ಕೆಟ್ಟರೆ ನಾವು ನೀವು ವಾರಗಟ್ಟಲೆ ಜಗಳವಾಡುತ್ತೇವೆ. ಇಲ್ಲಿ ಕೆಟ್ಟರೆ ಒಬ್ಬ ಜೈಲಿಗೆ ಹೋಗುತ್ತಾನೆ, ಇಲ್ಲವೇ ಹೋಗಬೇಕಾದವನು ತಪ್ಪಿಸಿಕೊಳ್ಳುತ್ತಾನೆ.

2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೊಂದು ಕನ್ನಡದಲ್ಲೂ ತೀರ್ಪು ಕೊಟ್ಟಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಆದರೆ ಕನ್ನಡನಾಡಿನ ಹೈಕೋರ್ಟಿನಲ್ಲಿ ಕನ್ನಡ ಕೇಳಿಸಿದ್ದು ಸುದ್ದಿಯಾಗುತ್ತದೆ ಎಂಬುದೇ ನಾಚಿಕೆಗೇಡು.

ಸಂವಿಧಾನ ಅಡ್ಡ ನಿಂತಿದೆಯೇ? ಇಲ್ಲ. 348ನೇ ವಿಧಿ ಹೈಕೋರ್ಟಿನ ಭಾಷೆ ಇಂಗ್ಲಿಷ್ ಎನ್ನುತ್ತದೆ, ನಿಜ. ಅದರ ಎರಡನೇ ಖಂಡವೇ ರಾಜ್ಯಪಾಲರು ರಾಷ್ಟ್ರಪತಿಯ ಪೂರ್ವಾನುಮತಿ ಪಡೆದು ರಾಜ್ಯದ ಆಡಳಿತ ಭಾಷೆಯಲ್ಲಿ ಕಲಾಪಕ್ಕೆ ಅವಕಾಶ ಕೊಡಬಹುದು ಎಂದೂ ಹೇಳುತ್ತದೆ. ಸುಪ್ರೀಂ ಕೋರ್ಟನ್ನು ಕೇಳಬೇಕೆಂಬ ಮಾತು ಅಲ್ಲಿ ಇಲ್ಲವೇ ಇಲ್ಲ. ಅದನ್ನು ಸೇರಿಸಿದ್ದು 1965ರ ಮೇ ತಿಂಗಳಲ್ಲಿ ಕೇಂದ್ರದ ಒಂದು ಸಂಪುಟ ಸಮಿತಿ. ಆ ಬಳಿಕವೂ ಉತ್ತರಪ್ರದೇಶ (1969), ಮಧ್ಯಪ್ರದೇಶ (1971), ಬಿಹಾರಗಳಿಗೆ (1972) ಹಿಂದಿಗೆ ಒಪ್ಪಿಗೆ ಸಿಕ್ಕಿತು. ರಾಜಸ್ಥಾನ 1950ರಲ್ಲೇ ಪಡೆದಿತ್ತು. ಕರ್ನಾಟಕ, ತಮಿಳುನಾಡು, ಗುಜರಾತ್, ಪಶ್ಚಿಮ ಬಂಗಾಳ, ಛತ್ತೀಸಗಢ ಕೇಳಿದ್ದಕ್ಕೆ 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಪೂರ್ಣ ನ್ಯಾಯಾಲಯ ಸಭೆ ಒಲ್ಲೆ ಎಂದಿತು. (ಛತ್ತೀಸಗಢ ಕೇಳಿದ್ದು ಹಿಂದಿಯನ್ನೇ. ಆದ್ದರಿಂದ ಇದನ್ನು ಬರೀ ಹಿಂದಿ ಪಕ್ಷಪಾತ ಎಂದು ತಳ್ಳಿಹಾಕಲಾರೆ.)

ಹೊರರಾಜ್ಯದ ನ್ಯಾಯಮೂರ್ತಿಗಳಿಗೆ ಕನ್ನಡ ಬರುವುದಿಲ್ಲವಲ್ಲ ಎಂಬುದು ಹಳೆಯ ತಕರಾರು. ಅಲಹಾಬಾದಿಗೂ ಹೊರಗಿನವರು ವರ್ಗವಾಗಿ ಹೋಗುತ್ತಾರೆ. ಕೋರ್ಟು ಬಾಗಿಲು ಹಾಕಿಲ್ಲ. ಇಂಗ್ಲಿಷನ್ನು ಓಡಿಸಿ ಎಂದು ಯಾರೂ ಕೇಳುತ್ತಿಲ್ಲ, ಪಕ್ಕದಲ್ಲಿ ಕನ್ನಡಕ್ಕೂ ಜಾಗ ಕೊಡಿ ಎನ್ನುತ್ತಿದ್ದೇವೆ. ಇನ್ನು ಪದಗಳಿಲ್ಲ ಎನ್ನುವವರಿಗೆ: ದಾವೆ, ಜಾಮೀನು, ವಕಾಲತ್ತು, ಕೈಫಿಯತ್ತು, ತಕರಾರು. ಎಲ್ಲಿಂದ ಬಂದರೇನು, ಓದು ಬಾರದ ರೈತನೂ ಇವನ್ನು ಸಲೀಸಾಗಿ ಬಳಸುತ್ತಾನೆ. ನಮ್ಮ ಕಾನೂನು ಅನುವಾದಕರು ಇವನ್ನು ಬಿಟ್ಟು ‘ಪರಂತು’ಗಳ ಕಾಡು ಬೆಳೆಸಿದರು, ಆ ಕನ್ನಡ ಅರ್ಥವಾಗಲು ಪಕ್ಕದಲ್ಲಿ ಇಂಗ್ಲಿಷ್ ಪ್ರತಿ ಇಟ್ಟುಕೊಳ್ಳಬೇಕು. ಆ ತಪ್ಪು ದಿಲ್ಲಿಯದಲ್ಲ, ನಮ್ಮದು.

ಈಗ ಸುಪ್ರೀಂ ಕೋರ್ಟಿನ ತೀರ್ಪುಗಳು ಯಂತ್ರದ ನೆರವಿನಿಂದ ಕನ್ನಡಕ್ಕೆ ಬರುತ್ತಿವೆ. ಬರಲಿ. ಆದರೆ ಅಧಿಕೃತವಾದದ್ದು ಇಂಗ್ಲಿಷ್ ಪ್ರತಿಯೇ, ಕನ್ನಡದ್ದು ಕಕ್ಷಿದಾರರ ತಿಳಿವಳಿಕೆಗೆ ಮಾತ್ರ ಎಂಬ ಷರಾ ಅದಕ್ಕೆ ಅಂಟಿಕೊಂಡಿರುತ್ತದೆ. ಅದೂ ಎಲ್ಲ ಮುಗಿದ ಮೇಲೆ. ನಾನು ಕೇಳುತ್ತಿರುವುದು ಮುಗಿಯುವ ಮುಂಚಿನದನ್ನು: ವಾದ ನಡೆಯುವಾಗ, ತನ್ನ ಜಮೀನಿನ, ತನ್ನ ಮಗನ ಬಗ್ಗೆ ಏನು ಹೇಳುತ್ತಿದ್ದಾರೆಂದು ಹಿಂದಿನ ಬೆಂಚಿನಲ್ಲಿ ಕೂತವಳಿಗೆ ತಿಳಿಯುವುದನ್ನು. ಈಗ ಅವಳು ಹೊರಗೆ ಬಂದು ಕಿರಿಯ ವಕೀಲನನ್ನು ‘ಏನಂದ್ರು ಸಾರ್?’ ಎಂದು ಕೇಳುತ್ತಾಳೆ. ‘ಡೇಟ್ ಕೊಟ್ಟಿದ್ದಾರಮ್ಮ’ ಎನ್ನುತ್ತಾನೆ ಅವನು.

ರಾಜ್ಯ ಸರ್ಕಾರ ಪ್ರಸ್ತಾವವನ್ನು ಮತ್ತೆ ಕಳಿಸಲಿ. ಒಲ್ಲೆ ಎನ್ನುವುದಾದರೆ 348ರ ಯಾವ ಸಾಲಿನ ಬಲದಿಂದ ಎಂದು ಈ ಸಲ ಬರೆದು ತಿಳಿಸಲಿ.