ಕಳ್ಳಿಗೆ ನೀರು ತಡೆದರೇ ಹೂವು



ಅಡಿಕೆಯ ಧಾರಣೆ, ಎಲೆಚುಕ್ಕಿ ರೋಗ, ಕಾಳುಮೆಣಸಿನ ಸೊರಗು ರೋಗ ಇವೆಲ್ಲ ತಲೆಯ ಮೇಲೆ ಕುಳಿತಿರುವಾಗ ನಮ್ಮ ಪತ್ರಿಕೆಯ ಒಂದು ಪುಟವನ್ನು ಕಳ್ಳಿಗಿಡಕ್ಕೆ ಕೊಡಬೇಕೇ ಎಂದು ಕೆಲವರಾದರೂ ಕೇಳಿಯಾರು. ಕೇಳುವುದು ನ್ಯಾಯವೇ. ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ, ಬಳಿಕ ತೀರ್ಮಾನ ನಿಮ್ಮದು.

ಮೂರು ವರ್ಷಗಳ ಹಿಂದೆ ತೋಟವನ್ನು ತಮ್ಮನ ಕೈಗೊಪ್ಪಿಸಿ, ನಾನೂ ಮನೆಯವಳೂ ಮಂಗಳೂರಿನಲ್ಲಿರುವ ಮಗನ ಮನೆಗೆ ಬಂದೆವು. ಮೂರನೆಯ ಮಾಳಿಗೆ. ಮಣ್ಣು ಎಂಬುದು ಇದ್ದರೆ ಬಾಲ್ಕನಿಯ ಚಟ್ಟಿಗಳಲ್ಲಿ ಮಾತ್ರ. ಅಲ್ಲಿ ಸೊಸೆ ಹನ್ನೊಂದು ಕಳ್ಳಿಗಿಡಗಳನ್ನು ಸಾಕಿದ್ದಳು. ಐವತ್ತು ವರ್ಷ ಬೆಳಗಾಗುತ್ತಲೇ ತೋಟಕ್ಕಿಳಿದ ಕೈ ಸುಮ್ಮನಿದ್ದೀತೇ? ದಿನಕ್ಕೊಂದು ಚೊಂಬು ನೀರು, ವಾರಕ್ಕೊಮ್ಮೆ ಸೆಗಣಿ ನೀರಿನ ತಿಳಿ ಕೊಡತೊಡಗಿದೆ. ಆಟಿ ತಿಂಗಳು ಮುಗಿಯುವುದರೊಳಗೆ ಏಳು ಗಿಡಗಳು ಬುಡದಿಂದ ಕೊಳೆತು ಬಿದ್ದವು. ಸೊಸೆ ಒಂದು ಮಾತೂ ಆಡಲಿಲ್ಲ. ಖಾಲಿ ಚಟ್ಟಿಗಳನ್ನು ತೊಳೆದು ಕವುಚಿ ಇಟ್ಟಳು. ಬೈದಿದ್ದರೆ ಅಷ್ಟು ನಾಟುತ್ತಿರಲಿಲ್ಲ.

ಮಳೆಗಾಲದಲ್ಲಿ ತೇವ ನಿಂತರೆ ಕೊಳೆರೋಗ ಬರುತ್ತದೆಂದು ಬೋರ್ಡೋ ದ್ರಾವಣ ಹೊಡೆಯಲು ಓಡಾಡಿದ ನನಗೆ ಚಟ್ಟಿಯಲ್ಲಿ ಅದೇ ಪಾಠ ನೆನಪಾಗಲಿಲ್ಲ. ನಮ್ಮ ಕೈಗೆ ಕೊಡುವುದು ಗೊತ್ತು, ತಡೆದಿಡುವುದು ಗೊತ್ತಿಲ್ಲ. ಕಳ್ಳಿಗೆ ಬೇಕಾದದ್ದು ಎರಡನೆಯದು.

ಕಾಫಿ ಬೆಳೆಯುವ ಬಂಧುಗಳಿಗೆ ಇದು ಹೊಸ ಮಾತಲ್ಲ. ಕಾಫಿಯ ಮೊಗ್ಗು ಚಳಿಗಾಲದ ಒಣಹವೆಯಲ್ಲಿ ಬಲಿತು ನಿದ್ರೆಯಲ್ಲಿರುತ್ತದೆ. ಫೆಬ್ರವರಿ-ಮಾರ್ಚ್ ಸುಮಾರಿಗೆ ಒಂದು ಇಂಚು ಹೂಮಳೆ ಬಿತ್ತೆಂದರೆ ಎಂಟು-ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಮೊಗ್ಗು ಬಲಿಯುವ ಮೊದಲೇ ಆತುರಪಟ್ಟು ಸ್ಪ್ರಿಂಕ್ಲರ್ ತಿರುಗಿಸಿದವನ ಹೂವು ಅರೆಬರೆಯಾಗುತ್ತದೆ. ಒಣಗಿಸುವುದೂ ಒಂದು ಆರೈಕೆಯೇ. ಮರುಭೂಮಿಯ ಕಳ್ಳಿಯದೂ ಹೆಚ್ಚುಕಡಿಮೆ ಇದೇ ಲೆಕ್ಕ.

ಕ್ಯಾಕ್ಟಸ್ ಜಾತಿ ಬಹುಪಾಲು ಅಮೆರಿಕ ಖಂಡಗಳದ್ದು. ನಮ್ಮ ಬೇಲಿಯ ಹಾಲುಗಳ್ಳಿ ಬೇರೆ ಕುಟುಂಬಕ್ಕೆ ಸೇರಿದ್ದು. ಹಿರಿಯರಿಗೆ ಕ್ಯಾಕ್ಟಸ್ ಎಂದರೆ ಹೊಲಗದ್ದೆ ನುಂಗಿದ ಪಾಪಾಸುಕಳ್ಳಿ. ಅದರ ಒಂದು ಜಾತಿಯನ್ನು ಹದ್ದಿನಲ್ಲಿಡಲು 1926ರಲ್ಲಿ ಸಿಂಹಳದಿಂದ ಹಿಟ್ಟುತಿಗಣೆಯಂಥ ಒಂದು ಕೀಟವನ್ನೇ ದಕ್ಷಿಣ ಭಾರತಕ್ಕೆ ತರಬೇಕಾಯಿತು. ಆ ಕೆಟ್ಟ ಹೆಸರು ಇಡೀ ಕುಟುಂಬಕ್ಕೆ ಅಂಟಿಕೊಂಡಿದೆ. ಮನೆಯಲ್ಲಿ ಮುಳ್ಳಿನ ಗಿಡವಿದ್ದರೆ ಜಗಳವೆಂಬ ನಂಬಿಕೆಯೂ ಉಂಟು. ನಮ್ಮ ಮನೆಯಲ್ಲಿ ಬಂದ ಬೇಸರ ಮುಳ್ಳಿನಿಂದಲ್ಲ, ನನ್ನ ಚೊಂಬಿನಿಂದ.

ಈ ಕುಟುಂಬದಲ್ಲಿ ಕಾಡಿನ ಒಕ್ಕಲೂ ಉಂಟು, ಮರುಭೂಮಿಯ ಒಕ್ಕಲೂ ಉಂಟು. ಎಲ್ಲವನ್ನೂ ಒಂದೇ ರೀತಿ ಸಾಕಿದರೆ ಕೆಟ್ಟಿತು.

ನಾವು ಬ್ರಹ್ಮಕಮಲವೆಂದು ಕರೆಯುವ, ರಾತ್ರಿ ಅರಳಿ ಬೆಳಗಿಗೆ ಬಾಡುವ ಬಿಳಿ ಹೂವಿನ ಗಿಡ ಕ್ಯಾಕ್ಟಸ್ಸೇ. ನಿಜವಾದ ಬ್ರಹ್ಮಕಮಲ ಹಿಮಾಲಯದ್ದು, ಬೇರೆಯೇ ಗಿಡ. ನಮ್ಮದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಮಳೆಕಾಡು. ಅಲ್ಲಿ ಅದು ಮರಗಳ ಮೇಲೆ ಬದುಕುತ್ತದೆ. ಎಲೆಯೆಂದು ತೋರುವುದು ಅದರ ಚಪ್ಪಟೆ ಕಾಂಡ. ಒಂದು ತುಂಡು ಊರಿದರೆ ಸಾಕು, ಚಿಗುರುತ್ತದೆ. ಮಂಗಳೂರಿನ ತೇವಕ್ಕೂ ಅರೆನೆರಳಿಗೂ ಇದರಷ್ಟು ಹೊಂದುವ ಕಳ್ಳಿ ಬೇರೆ ಇಲ್ಲ. ಹೂವಿಗೆ ಎರಡು-ಮೂರು ವರ್ಷ ಕಾಯಬೇಕು. ಸೆಗಣಿಗೊಬ್ಬರ ಹೆಚ್ಚು ಕೊಟ್ಟರೆ ಕಾಂಡ ಮಾತ್ರ ಕೊಬ್ಬುತ್ತದೆ. ಒಂದು ಚಿಟಿಕೆ ಒಲೆಬೂದಿ, ಸ್ವಲ್ಪ ಎಲುಬಿನ ಪುಡಿ ಸಾಕು. ಬೇರು ತುಂಬಿದ ಸಣ್ಣ ಚಟ್ಟಿಯಲ್ಲೇ ಅದು ಚೆನ್ನಾಗಿ ಹೂ ಬಿಡುತ್ತದೆ.

ಕ್ರಿಸ್‌ಮಸ್ ಕ್ಯಾಕ್ಟಸ್ ಬ್ರೆಜಿಲಿನ ಕರಾವಳಿ ಬೆಟ್ಟಗಳದ್ದು. ಮೊಗ್ಗಿಗೆ ಅದು ಉದ್ದದ ಕತ್ತಲೆಯನ್ನೂ ತಂಪು ರಾತ್ರಿಯನ್ನೂ ಕೇಳುತ್ತದೆ. ಡಿಸೆಂಬರಿನಲ್ಲೂ ಮಂಗಳೂರಿನ ರಾತ್ರಿ ಸುಮಾರು 12½ ಗಂಟೆಯದೇ, ಸೆಕೆಯೂ ಬಿಡುವುದಿಲ್ಲ. ಹಾಗಾಗಿ ಇದು ಕೊಡಗು, ಚಿಕ್ಕಮಗಳೂರಿನ ಬಂಧುಗಳ ಜಗಲಿಗೆ ತಕ್ಕದ್ದು. ಅಲ್ಲೂ ರಾತ್ರಿಯಿಡೀ ಬಲ್ಬು ಉರಿಯುವ ಜಗಲಿಯಲ್ಲಿಟ್ಟರೆ ಮೊಗ್ಗು ಬರಲಿಕ್ಕಿಲ್ಲ. ಇದೇ ಕುಟುಂಬದ ಡ್ರ್ಯಾಗನ್ ಹಣ್ಣಿನ ಬಳ್ಳಿಯ ಸ್ವಭಾವ ತದ್ವಿರುದ್ಧ. ವಿಯೆಟ್ನಾಮಿನ ರೈತರು ತೋಟದಲ್ಲಿ ರಾತ್ರಿ ದೀಪ ಹಚ್ಚಿ ಅಕಾಲದಲ್ಲಿ ಅದನ್ನು ಹೂ ಬಿಡಿಸುತ್ತಾರೆ. ಒಂದಕ್ಕೆ ಕತ್ತಲೆ, ಒಂದಕ್ಕೆ ಬೆಳಕು. ಗಿಡದ ಊರು ಕೇಳದೆ ಆರೈಕೆಗೆ ಕೈ ಹಾಕಬಾರದು.

ಇನ್ನು ನಾನು ಕೊಂದ ಮರುಭೂಮಿಯ ಗುಂಡುಗಳ್ಳಿಗಳು. ಸುಡುಮಣ್ಣು, ದಪ್ಪ ಹೊಯಿಗೆ, ಮುರಕಲ್ಲಿನ ಚೂರು ಸಮಪಾಲು ಬೆರೆಸಿ ತೂತುಳ್ಳ ಸಣ್ಣ ಮಣ್ಣಿನ ಚಟ್ಟಿಯಲ್ಲಿ ನೆಡಬೇಕು. ಕಡಲ ಹೊಯಿಗೆ ಬೇಡ, ಉಪ್ಪು ಇರುತ್ತದೆ. ಪತ್ತನಾಜೆಗೆ ಮೊದಲೇ ಮಳೆ ಬೀಳದ, ಆದರೆ ಬೆಳಕೂ ಗಾಳಿಯೂ ಆಡುವ ಮಾಡಿನಡಿಗೆ ಸರಿಸಬೇಕು. ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿದು. ಮಳೆಗಾಲದಲ್ಲಿ ಮಣ್ಣು ಪೂರ್ತಿ ಒಣಗಿದೆಯೆಂದು ಖಾತ್ರಿಯಾದರೆ ಮಾತ್ರ ನೀರು. ದೀಪಾವಳಿ ಕಳೆದ ಮೇಲೆ ಒಳ್ಳೆಯ ಬಿಸಿಲಿಗೆ ತಂದು ಫೆಬ್ರವರಿಯ ತನಕ ನೀರನ್ನು ಬಹುತೇಕ ನಿಲ್ಲಿಸಬೇಕು. ಗಿಡ ತುಸು ಸುಕ್ಕಾದರೆ ಗಾಬರಿ ಬೇಡ. ತೀರಾ ಕುಗ್ಗಿದರೆ ತಿಂಗಳಿಗೊಮ್ಮೆ ನಾಲ್ಕು ಚಮಚ ನೀರು. ಫೆಬ್ರವರಿಯ ಕೊನೆಗೆ ಒಮ್ಮೆ ತೂತಿನಿಂದ ಹರಿಯುವಷ್ಟು ನೀರು ಕೊಟ್ಟು, ಮಣ್ಣು ಒಣಗಿದ ಬಳಿಕವೇ ಮತ್ತೆ ಕೊಡುವುದು. ಅದೇ ಅದರ ಹೂಮಳೆ. ಮೊಗ್ಗು ಕಂಡ ಮೇಲೆ ಚಟ್ಟಿಯನ್ನು ಅತ್ತಿತ್ತ ತಿರುಗಿಸಬಾರದು.

ಹೀಗೆ ಮಾಡಿದರೆ ಎಲ್ಲ ಕಳ್ಳಿಯೂ ಅರಳೀತೆಂದು ನಾನು ಹೇಳಲಾರೆ. ಎತ್ತರದ ಬೆಟ್ಟಗಳ ಜಾತಿಗಳು ಚಳಿಯಿಲ್ಲದೆ ಹೂ ಬಿಡುವುದಿಲ್ಲ. ಕಂಬದಂತೆ ಬೆಳೆಯುವವು ಚಟ್ಟಿಯಲ್ಲಿ ಬಹುಕಾಲ ಹೂವಿಲ್ಲದೆ ಇರುತ್ತವೆ. ಸಣ್ಣ ಗುಂಡಿನ ಜಾತಿಗಳನ್ನು ಆರಿಸಿಕೊಳ್ಳುವುದು ಜಾಣತನ.

ಕೊಳ್ಳುವಾಗಲೂ ಎಚ್ಚರ ಬೇಕು. ಏಳು ಗಿಡಗಳ ಬದಲಿಗೆ ನಾನು ಪೇಟೆಯಿಂದ ಎರಡು ತಂದೆ. ಒಂದರ ನೆತ್ತಿಯ ಹಳದಿ ಹೂವು ತಿಂಗಳಾದರೂ ಬಾಡಲಿಲ್ಲ. ಮುಟ್ಟಿ ನೋಡಿದರೆ ಒಣಹೂವನ್ನು ಅಂಟು ಹಾಕಿ ಕೂರಿಸಿದ್ದರು! ಇನ್ನೊಂದರ ಹಸಿರು ಕಾಂಡದ ಮೇಲಿದ್ದ ಕೆಂಪು ಗುಂಡನ್ನು ನಾನು ಹೂವೆಂದೇ ತಿಳಿದಿದ್ದೆ. ಅದು ಹೂವಲ್ಲ, ಹರಿತ್ತಿಲ್ಲದ ಒಂದು ಕಳ್ಳಿ. ತನ್ನ ಅನ್ನ ತಾನು ಮಾಡಿಕೊಳ್ಳಲಾರದ್ದರಿಂದ ಅದನ್ನು ಬೇರೆ ಕಳ್ಳಿಗೆ ಕಸಿ ಕಟ್ಟುತ್ತಾರೆ. ಕಸಿ ಬಲ್ಲ ಬೆಳೆಗಾರನೇ ಮೋಸ ಹೋದರೆ ಪೇಟೆಯವರ ಪಾಡೇನು? ಆದುದರಿಂದ ನೆರೆಮನೆಯಿಂದ ಒಂದು ತುಂಡು ಬೇಡಿ ತರುವುದೇ ಲೇಸು. ಜನವರಿಯಲ್ಲಿ ಕದ್ರಿ ಉದ್ಯಾನದ ಫಲಪುಷ್ಪ ಪ್ರದರ್ಶನಕ್ಕೆ ಹೋಗುವವರು ಕಳ್ಳಿ ಸಾಕುವವರನ್ನು ಕಂಡರೆ ನಿಂತು ಮಾತಾಡಿಸಲಿ.

ಇದರಿಂದ ಆದಾಯವೇನು? ಒಂದು ಕಾಸೂ ಇಲ್ಲ. ಆದರೆ ತೋಟ ಬಿಟ್ಟು ಮಕ್ಕಳ ಜೊತೆ ಪೇಟೆ ಸೇರುವ ಹಿರಿಯರು ನಮ್ಮ ಸದಸ್ಯರಲ್ಲಿ ಹೆಚ್ಚುತ್ತಿದ್ದಾರೆ. ಅವರು ದಿನವಿಡೀ ಟೀವಿಯ ಮುಂದೆ ಕುಳಿತು ಮಂಕಾಗುವುದನ್ನು ನೋಡುತ್ತಿದ್ದೇನೆ. ನಾಲ್ಕು ಅಡಿ ಬಾಲ್ಕನಿಯಲ್ಲಿ ಅಡಿಕೆ ಬೆಳೆಯಲಾಗದು, ಕಳ್ಳಿ ಬೆಳೆಯಬಹುದು. ಮಂಡಿ ನೋಯುವವನಿಗೂ ಅದು ಭಾರವಲ್ಲ. ನಾಲ್ಕು ದಿನ ಊರಿಗೆ ಹೋಗಿ ಬಂದರೂ ಸಾಯುವುದಿಲ್ಲ. ಹಿರಿಯರಿಗೆ ಕೆಲಸವೂ ಆಯಿತು, ಸೊಸೆಯೊಡನೆ ಆಡಲು ಒಂದು ಮಾತೂ ಆಯಿತು. ಮಕ್ಕಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂಬುದೇ ನನ್ನ ಅಭಿಪ್ರಾಯ.

ಉಳಿದ ನಾಲ್ಕು ಗಿಡಗಳನ್ನು ಆ ಮೇಲೆ ಸೊಸೆ ನನ್ನ ಕೈಗೇ ಕೊಟ್ಟಳು. ಒಂದು ಷರತ್ತು ಮಾತ್ರ ಹಾಕಿದಳು: “ಮಾವ, ಇನ್ನು ಚೊಂಬು ಬೇಡ, ಚಮಚ ಸಾಕು.” ಕಳೆದ ಚಳಿಗಾಲವಿಡೀ ಕೈ ಕಟ್ಟಿ ಕುಳಿತೆ. ಏಪ್ರಿಲಿನಲ್ಲಿ ಒಂದು ಗುಂಡುಗಳ್ಳಿಯ ನೆತ್ತಿಯಲ್ಲಿ ಸಣ್ಣ ಗುಲಾಬಿ ಹೂಗಳು ಅರಳಿದವು. ಮುಟ್ಟಿ ನೋಡಿದೆ, ಅಂಟು ಹಾಕಿದ್ದಲ್ಲ.

ಬಂಧುಗಳೂ ಪ್ರಯೋಗ ಮಾಡಿ ನೋಡಲಿ, ತಮ್ಮ ಅನುಭವವನ್ನು ಪತ್ರಿಕೆಗೆ ಬರೆಯಲಿ.